4ಜಿ ಸಿಮ್ ಮೇಲೆ ಓಡುವ ಗಾಡಿ: ಬೆಂಗಳೂರಲ್ಲಿ ಸ್ಟೀರಿಂಗ್, ಸಾಗರದಲ್ಲಿ ಚಕ್ರ

ಬೆಂಗಳೂರಲ್ಲಿ ಕೂತು, ಸಾಗರ ತಾಲ್ಲೂಕಿನ ನಮ್ಮ ಮನೆ ಅಂಗಳದಿಂದ ಪಂಪ್‌ಹೌಸ್‌ವರೆಗೆ ಒಂದು ಸಣ್ಣ ಗಾಡಿ ಓಡಿಸಬೇಕು. ಕೆಲಸ ಇಷ್ಟೇ. ದಾರಿ ಸುಮಾರು 120 ಮೀಟರ್. ಮೊದಲು ಅಂಗಳ, ಆಮೇಲೆ ಇಳಿಜಾರಿನ ಮಣ್ಣು ದಾರಿ, ಕೊನೆಗೆ ಅಡಿಕೆ ತೋಟದ ಅಂಚು. ಮುಕ್ಕಾಲು ದಾರಿಗಿಂತ ಜಾಸ್ತಿ ಈಗ ಹೋಗಿ ಬರುತ್ತದೆ. ಕೊನೆಯ 20 ಮೀಟರ್ ಇನ್ನೂ ಬಾಕಿ. ಅಲ್ಲಿವರೆಗಿನ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪಂಪ್‌ಹೌಸ್ ನೋಡೋಕೆ ಒಂದು ಸಿಸಿಟಿವಿ ಹಾಕಿದ್ರೆ ಸಾಕಿತ್ತಲ್ವಾ ಅಂತ ಕೇಳುವವರಿಗೆ: ಹೌದು, ಸಾಕಿತ್ತು.

ಹಂತ 1: ಸಾಮಾನು

ಗಾಡಿಯಲ್ಲಿ ಈಗ ಇರುವುದು ಇವು. ಬೆಲೆ ನಾನು ಕೊಟ್ಟದ್ದು.

- ಸೆಕೆಂಡ್‌ಹ್ಯಾಂಡ್ 1:10 ಅಳತೆಯ ಆರ್‌ಸಿ ಟ್ರಕ್, ಸರ್ವೋ (ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟರ್) ಸಮೇತ: 6,000
- 7.4 ವೋಲ್ಟ್ ಲೈಪೊ ಬ್ಯಾಟರಿ, ಚಾರ್ಜರ್: 3,500
- 55 ಸುತ್ತಿನ 540 ಮೋಟರ್ (ತಂತಿಯ ಸುತ್ತು ಜಾಸ್ತಿ, ವೇಗ ಕಡಿಮೆ): 650
- ಕ್ರಾಲರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಬೋರ್ಡ್): 1,400
- ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯೂ (ಪುಟಾಣಿ ಕಂಪ್ಯೂಟರ್, ಮುಂದೆ ಬರೀ ಪೈ): 1,850
- ಕ್ಯಾಮೆರಾ ಮತ್ತು ರಿಬ್ಬನ್: 650
- 4ಜಿ ಯುಎಸ್‌ಬಿ ಡಾಂಗಲ್: 2,100
- ಆರ್ಡುಯಿನೊ ನ್ಯಾನೊ (ಒಂದೇ ಸಣ್ಣ ಪ್ರೋಗ್ರಾಂ ಓಡಿಸುವ ಪುಟ್ಟ ಬೋರ್ಡ್): 300
- ಮೆಮೊರಿ ಕಾರ್ಡ್: 400
- ಡಬ್ಬಿ, ವೈರ್, ಕನೆಕ್ಟರ್, ಕೆಂಪು ಸ್ವಿಚ್: 350

ಒಟ್ಟು 17,200 ರೂಪಾಯಿ. ಕೊಂಡು, ಬಳಸದೆ ಡ್ರಾಯರ್ ಸೇರಿದ್ದು ಇನ್ನೊಂದು 370 ರೂಪಾಯಿಯದು. ಅದರ ಕಥೆ ಮುಂದಿದೆ. ಪವರ್ ಬ್ಯಾಂಕ್ ಮನೆಯಲ್ಲೇ ಇತ್ತು. ಸಿಮ್ ರೀಚಾರ್ಜ್ ಬೇರೆ, ಬಾಡಿಗೆ ಸರ್ವರ್‌ಗೆ ತಿಂಗಳಿಗೆ ಸುಮಾರು 450 ಬೇರೆ.

ಕ್ಯಾಮೆರಾ ಕೊಳ್ಳುವಾಗ ಒಂದು ಮಾತು. ಪೈ ಝೀರೊದ ಕ್ಯಾಮೆರಾ ಸಾಕೆಟ್ ಚಿಕ್ಕದು, 22 ಪಿನ್ನಿನದು. ಮಾಮೂಲಿ ಕ್ಯಾಮೆರಾ ಜೊತೆ ಬರುವ ರಿಬ್ಬನ್ 15 ಪಿನ್ನಿನದು, ಅದು ಕೂರುವುದಿಲ್ಲ. ಝೀರೊಗೆ ಅಂತಲೇ ಕೇಳಿ ತರಿಸಿ. ಇನ್ನೊಂದು, ದುಡ್ಡಿದೆ ಅಂತ ಪೈ 5 ಹಾಕಬೇಡಿ. ಅದರಲ್ಲಿ ವಿಡಿಯೊವನ್ನು ಎಚ್.264 ರೂಪಕ್ಕೆ ಕುಗ್ಗಿಸುವ ಹಾರ್ಡ್‌ವೇರ್ ತೆಗೆದುಬಿಟ್ಟಿದ್ದಾರೆ. 512 ಎಂಬಿ ರ‍್ಯಾಮಿನ ಬಡ ಝೀರೊ 2 ಡಬ್ಲ್ಯೂನಲ್ಲಿ ಅದು ಇದೆ.

ಹಂತ 2: ಕರೆಂಟ್

ಮೊದಲ ಯೋಜನೆ: ಒಂದೇ ಲೈಪೊ ಬ್ಯಾಟರಿ, ಅದರಿಂದಲೇ 120 ರೂಪಾಯಿಯ ಬಕ್ ಕನ್ವರ್ಟರ್ ಹಾಕಿ 5 ವೋಲ್ಟ್ ಮಾಡಿ ಪೈಗೆ. ಟೇಬಲ್ ಮೇಲೆ ಸೊಗಸಾಗಿ ನಡೆಯಿತು. ನೆಲಕ್ಕಿಟ್ಟು ಆಕ್ಸಿಲರೇಟರ್ ಒತ್ತಿದ ಕೂಡಲೇ ಪೈ ರೀಸ್ಟಾರ್ಟ್.

ಮಲ್ಟಿಮೀಟರ್ ಹಿಡಿದು ನೋಡಿದರೆ ಕಾರಣ ಕಾಣುತ್ತದೆ. ಚಕ್ರ ಕಲ್ಲಿಗೆ ಸಿಕ್ಕಿ ಮೋಟರ್ ತಿಣುಕುವಾಗ ಬ್ಯಾಟರಿಯ ವೋಲ್ಟೇಜ್ ಕ್ಷಣಕಾಲ 6ರ ಹತ್ತಿರ ಬೀಳುತ್ತದೆ. ಈ ಅಗ್ಗದ ಬಕ್ ಕನ್ವರ್ಟರ್‌ಗೆ ಒಳಗೆ ಬರುವ ವೋಲ್ಟೇಜ್ ಹೊರಗಿನದಕ್ಕಿಂತ ಒಂದೂವರೆ ವೋಲ್ಟಾದರೂ ಜಾಸ್ತಿ ಬೇಕು. ಹಾಗಾಗಿ ಅದರ 5 ವೋಲ್ಟೂ ಕುಸಿಯುತ್ತದೆ. 4.63 ವೋಲ್ಟಿಗೆ ಇಳಿದರೆ ಪೈ ವೋಲ್ಟೇಜ್ ಸಾಲದು ಅಂತ ಎಚ್ಚರಿಕೆ ಕೊಡುತ್ತದೆ. ಇಲ್ಲಿ ಅದಕ್ಕೂ ಕೆಳಗೆ ಹೋಗುತ್ತಿತ್ತು. ಜೊತೆಗೆ, ಸಿಗ್ನಲ್ ಕಡಿಮೆ ಇದ್ದಷ್ಟೂ ಡಾಂಗಲ್ ಜಾಸ್ತಿ ಕರೆಂಟ್ ಎಳೆಯುತ್ತದೆ. 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ.

ಕೊನೆಗೆ ಪೈ ಮತ್ತು ಡಾಂಗಲ್ಲಿಗೆ ಬೇರೆ ಪವರ್ ಬ್ಯಾಂಕ್ ಕೊಟ್ಟೆ. ತೂಕ 200 ಗ್ರಾಂ ಏರಿತು, ತೊಂದರೆ ಅಲ್ಲಿಗೇ ನಿಂತಿತು. ಎರಡೂ ಕಡೆಯ ನೆಗೆಟಿವ್ ಮಾತ್ರ ಸೇರಿಸಿ. ಇಎಸ್‌ಸಿಯಿಂದ ಬರುವ ಕೆಂಪು ವೈರ್ ಸರ್ವೋಗೆ ಮಾತ್ರ ಹೋಗಬೇಕು. ಅದನ್ನು ಪೈಗೆ ತಾಗಿಸಬೇಡಿ.

ಮೋಟರ್ ಬ್ಯಾಟರಿಯ ಅಳತೆಗೆ ಎರಡು 10 ಕಿಲೊ ಓಮ್ ರೆಸಿಸ್ಟರ್ ಸಾಕು. ಪೂರ್ತಿ ಚಾರ್ಜ್ ಆದಾಗಿನ 8.4 ವೋಲ್ಟ್ ಅರ್ಧವಾಗಿ 4.2 ಆಗುತ್ತದೆ, ನ್ಯಾನೊ ಅದನ್ನು ನೇರವಾಗಿ ಓದುತ್ತದೆ. 6.6ಕ್ಕೆ ಎಚ್ಚರಿಕೆ, 6.4ಕ್ಕೆ ಗಾಡಿ ಬಂದ್. ಐದು ಸೆಕೆಂಡಿನ ಸರಾಸರಿ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಪ್ರತಿ ಏರಿನಲ್ಲೂ ಗಾಡಿ ಸುಮ್ನೆ ನಿಂತುಬಿಡುತ್ತದೆ.

ಹಂತ 3: ನೆಟ್

ಡಾಂಗಲ್ ಚುಚ್ಚಿದರೆ ಪೈಗೆ ಅದು ಒಂದು ಲ್ಯಾನ್ ಕೇಬಲ್ ಥರ ಕಾಣುತ್ತದೆ. ಒಳಗಿನಿಂದ ಹೊರಗೆ ಹೋಗಲು ಏನೂ ಕಷ್ಟವಿಲ್ಲ. ಹೊರಗಿನಿಂದ ಒಳಗೆ ಬರುವುದೇ ಆಗುವುದಿಲ್ಲ. ಮೊಬೈಲ್ ಕಂಪನಿಗಳು ಒಂದು ಐಪಿ ವಿಳಾಸದ ಹಿಂದೆ ನೂರಾರು ಗ್ರಾಹಕರನ್ನು ಕೂರಿಸಿರುತ್ತವೆ. ಡಾಂಗಲ್ಲಿನ ಪುಟದಲ್ಲಿ ಕಾಣುವ ವಿಳಾಸ 10 ಅಥವಾ 100ರಿಂದ ಶುರುವಾಗಿದ್ದರೆ ಬಹುಮಟ್ಟಿಗೆ ನೀವೂ ಅದೇ ಗುಂಪಿನಲ್ಲಿದ್ದೀರಿ. ಹೊರಗಿನಿಂದ ಒಳಗೆ ಬಾಗಿಲು ತೆರೆಯುವ ಪೋರ್ಟ್ ಫಾರ್ವರ್ಡಿಂಗ್ ಮಾಡುತ್ತಾ ಕೂರಬೇಡಿ, ಅದರಿಂದ ಏನೂ ಆಗುವುದಿಲ್ಲ.

ದೂರದ ಯಂತ್ರಗಳನ್ನು ಒಂದು ಖಾಸಗಿ ನೆಟ್‌ವರ್ಕಿಗೆ ಸೇರಿಸುವ ಟೇಲ್‌ಸ್ಕೇಲ್ ಹಾಕಿದೆ. ಸುಲಭ, ಹತ್ತು ನಿಮಿಷದ ಕೆಲಸ. ಆದರೆ ನನ್ನ ಸಿಮ್‌ನಲ್ಲಿ ಕೆಲವು ಸಲ ನೇರ ಸಂಪರ್ಕ ಸಿಗುತ್ತಿತ್ತು, ಕೆಲವು ಸಲ ನಡುವಿನ ಸರ್ವರ್ (ರಿಲೇ) ಮೂಲಕ ಹೋಗುತ್ತಿತ್ತು. ಎಳೆತ, ಅಂದರೆ ಆಜ್ಞೆ ಅಥವಾ ಚಿತ್ರ ತಲುಪಲು ಆಗುವ ತಡ, ದಿನಕ್ಕೊಂದು ಥರ. ಗಾಡಿ ಓಡಿಸಲು ಕಡಿಮೆ ಎಳೆತ ಬೇಕು ನಿಜ, ಅದಕ್ಕಿಂತ ಮುಖ್ಯವಾಗಿ ಒಂದೇ ಥರದ ಎಳೆತ ಬೇಕು. ಹಾಗಾಗಿ ಬೆಂಗಳೂರಿನಲ್ಲೇ ಇರುವ ಒಂದು ಬಾಡಿಗೆ ಸರ್ವರ್ ಹಿಡಿದು, ಅದರಲ್ಲಿ ಅಂಥದ್ದೇ ಕೆಲಸ ಮಾಡುವ ವೈರ್‌ಗಾರ್ಡ್ ಹಾಕಿ, ಗಾಡಿ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಅದಕ್ಕೆ ಸೇರಿಸಿದೆ. ಗಾಡಿ ಕಡೆ 25 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ (ಇನ್ನೂ ಇದ್ದೇನೆ ಅನ್ನುವ ಸಣ್ಣ ಪ್ಯಾಕೆಟ್) ಕೊಡಬೇಕು. ಇಲ್ಲದಿದ್ದರೆ ಮೊಬೈಲ್ ಕಂಪನಿ ಕಡೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಲ್ಯಾಪ್‌ಟಾಪಿನಿಂದ ಗಾಡಿಗೆ ಪಿಂಗ್ (ಒಂದು ಪ್ಯಾಕೆಟ್ ಹೋಗಿ ಬರುವ ಹೊತ್ತು) ಈಗ 55ರಿಂದ 90 ಮಿಲಿಸೆಕೆಂಡ್. ಆಗಾಗ 300 ದಾಟುತ್ತದೆ. ಅದನ್ನು ತಪ್ಪಿಸೋಕಾಗಲ್ಲ, ಸಹಿಸಿಕೊಳ್ಳುವ ಹಾಗೆ ಗಾಡಿ ಕಟ್ಟಬೇಕು.

ಇಲ್ಲೊಂದು ವಿಚಿತ್ರ ತೊಂದರೆ ಬಂತು. ಪಿಂಗ್ ಬರುತ್ತದೆ, ಸ್ಟೀರಿಂಗ್ ತಿರುಗುತ್ತದೆ, ವಿಡಿಯೊ ಮಾತ್ರ ಬರುವುದೇ ಇಲ್ಲ. ಕ್ಯಾಮೆರಾ ಬಿಚ್ಚಿ ಜೋಡಿಸಿ ಒಂದಿಡೀ ಸಂಜೆ ಹೋಯಿತು. ಕ್ಯಾಮೆರಾ ಸರಿಯಾಗೇ ಇತ್ತು. ವೈರ್‌ಗಾರ್ಡ್ ತಾನಾಗಿ ಇಟ್ಟುಕೊಳ್ಳುವ ಗರಿಷ್ಠ ಪ್ಯಾಕೆಟ್ ಅಳತೆ (ಎಂಟಿಯು) 1420 ಬೈಟ್. ದಾರಿಯಲ್ಲಿ ಎಲ್ಲೋ ಅಷ್ಟು ದೊಡ್ಡದು ಹಿಡಿಸುತ್ತಿರಲಿಲ್ಲ. ಸಣ್ಣ ಪ್ಯಾಕೆಟ್ ನುಸುಳುತ್ತಿತ್ತು, ದೊಡ್ಡದು ಬಿದ್ದುಹೋಗುತ್ತಿತ್ತು. ಎರಡೂ ಕಡೆ ಎಂಟಿಯು 1280 ಮಾಡಿದೆ. ವಿಡಿಯೊ ಬಂತು.

ಹಂತ 4: ಆಜ್ಞೆ ಕಳಿಸುವುದು

ಮೊದಲು ಬ್ರೌಸರ್‌ನಲ್ಲಿ ಬಾಣದ ಕೀಲಿ ಒತ್ತಿದರೆ ವೆಬ್‌ಸಾಕೆಟ್ ಮೂಲಕ ಗಾಡಿಗೆ ಹೋಗುವ ಹಾಗೆ ಬರೆದಿದ್ದೆ. ಮನೆಯ ವೈಫೈನಲ್ಲಿ ಏನೂ ಕುಂದಿಲ್ಲ. ಬೆಂಗಳೂರಿಗೆ ಬಂದು ಓಡಿಸಿದಾಗ ಅಸಲಿ ಬಣ್ಣ ಗೊತ್ತಾಯಿತು. ನೆಟ್ ಎರಡು ಸೆಕೆಂಡ್ ನಿಂತಿತು. ಗಾಡಿ ಯಾಕೆ ಹೋಗ್ತಿಲ್ಲ ಅಂತ ನಾನು ಮುಂದೆ, ಎಡ, ಮುಂದೆ ಅಂತ ಒತ್ತುತ್ತಲೇ ಇದ್ದೆ. ನೆಟ್ ಬಂದ ಕೂಡಲೇ ಅಷ್ಟೂ ಆಜ್ಞೆ ಸಾಲಾಗಿ ಗಾಡಿಗೆ ತಲುಪಿದವು. ಫೋನಲ್ಲಿ ಚಿಕ್ಕಪ್ಪ ಇದ್ದರು.

"ಎಲ್ಲಿದೆ ಚಿಕ್ಕಪ್ಪ ಗಾಡಿ?"

"ತೆಂಗಿನ ಬುಡಕ್ಕೆ ಮೂತಿ ಕೊಟ್ಟು ನಿಂತಿದೆ ಮಾರಾಯ. ಚಕ್ರ ಮಾತ್ರ ತಿರುಗ್ತಾನೇ ಇದೆ. ಎತ್ಲಾ?"

"ಬೇಡ ಬೇಡ, ಕೈ ಹಾಕ್ಬೇಡಿ."

ಆ ವಾರವೇ ಗಾಡಿಯ ಮೇಲೆ, ದೂರದಿಂದಲೂ ಕಾಣುವ ಹಾಗೆ, ಮೋಟರ್ ಬ್ಯಾಟರಿಗೆ ಒಂದು ಕೆಂಪು ಸ್ವಿಚ್ ಕೂತಿತು.

ಕಳಿಸಿದ್ದೆಲ್ಲ ತಲುಪಲೇಬೇಕು, ಅದೂ ಕ್ರಮವಾಗಿ, ಅನ್ನುವುದು ವೆಬ್‌ಸಾಕೆಟ್ ಕೆಳಗೆ ಓಡುವ ಟಿಸಿಪಿಯ ಹಟ. ಬ್ಯಾಂಕ್ ಲೆಕ್ಕಕ್ಕೆ ಅದು ಒಳ್ಳೆಯದು. ಗಾಡಿಗೆ ಎರಡು ಸೆಕೆಂಡ್ ಹಳೆಯ ಆಜ್ಞೆ ಅಂದರೆ ವಿಷ. ಈಗ ಯುಡಿಪಿ, ಕಳೆದದ್ದನ್ನು ಮತ್ತೆ ಕಳಿಸದ ವಿಧಾನ. ಸೆಕೆಂಡಿಗೆ 20 ಸಲ, ಒತ್ತಲಿ ಬಿಡಲಿ, ಸ್ಟೀರಿಂಗ್ ಎಷ್ಟು, ಆಕ್ಸಿಲರೇಟರ್ ಎಷ್ಟು ಅಂತ ಪೂರ್ತಿ ಸ್ಥಿತಿ ಹೋಗುತ್ತದೆ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇದೆ. ಹಿಂದಿನದಕ್ಕಿಂತ ಚಿಕ್ಕ ಸಂಖ್ಯೆ ಬಂದರೆ ಗಾಡಿ ಅದನ್ನು ಎಸೆಯುತ್ತದೆ. ಗಾಡಿ ಅದೇ ಸಂಖ್ಯೆಯನ್ನು ವಾಪಸ್ ಕಳಿಸುತ್ತದೆ. ಹೋಗಿ ಬರಲು ಎಷ್ಟು ಹೊತ್ತಾಯಿತು ಅನ್ನುವುದು ಲ್ಯಾಪ್‌ಟಾಪ್ ಪರದೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ವಿಡಿಯೊಗಿಂತ ಜಾಸ್ತಿ ನಾನು ನೋಡುವುದು ಆ ಅಂಕಿಯನ್ನೇ.

ಕೀಲಿಮಣೆ ಬಿಟ್ಟು ಗೇಮ್‌ಪ್ಯಾಡ್ ಹಿಡಿದೆ. ಎಡಗೈ ಬೆರಳಿನ ಒಂದು ಬಟನ್ ಒತ್ತಿ ಹಿಡಿದಿದ್ದರೆ ಮಾತ್ರ ಆಕ್ಸಿಲರೇಟರ್ ಕೆಲಸ ಮಾಡುತ್ತದೆ. ಕಾಲಿಂಗ್ ಬೆಲ್ ಆಯ್ತು ಅಂತ ಪ್ಯಾಡ್ ಸೋಫಾ ಮೇಲೆ ಎಸೆದು ಎದ್ದರೂ ಗಾಡಿ ನಿಲ್ಲುತ್ತದೆ.

ಹಂತ 5: ನಿಲ್ಲಿಸುವುದು

ಈ ಹಂತ ಎಲ್ಲಕ್ಕಿಂತ ಮೊದಲು ಆಗಬೇಕಿತ್ತು. ಇಂಥ ಗಾಡಿ ಕಟ್ಟುವವರು ಓಡಿಸುವ ಮೊದಲು ನಿಲ್ಲಿಸುವುದನ್ನು ಕಟ್ಟಿ.

ಸರ್ವೋ ಮತ್ತು ಇಎಸ್‌ಸಿಗೆ ಸಿಗ್ನಲ್ ಕೊಡಲು ಮೊದಲು ಪಿಸಿಎ9685 ಬೋರ್ಡ್ ಹಾಕಿದ್ದೆ, 250 ರೂಪಾಯಿ. ಎಲ್ಲರೂ ಅದನ್ನೇ ಹಾಕುತ್ತಾರೆ. ಪೈಯಲ್ಲಿ ಓಡುವ ಪ್ರೋಗ್ರಾಂನಲ್ಲಿ, ಆಜ್ಞೆ ಬರದಿದ್ದರೆ ಆಕ್ಸಿಲರೇಟರ್ ಸೊನ್ನೆ ಮಾಡು ಅಂತ ಬರೆದಿದ್ದೆ. ಸಿಮ್ ಕಿತ್ತು ನೋಡಿದೆ, ನಿಂತಿತು. ಆಮೇಲೆ ಗಾಡಿಯನ್ನು ಇಟ್ಟಿಗೆ ಮೇಲೆ ಎತ್ತಿಟ್ಟು, ಚಕ್ರ ತಿರುಗುತ್ತಿರುವಾಗಲೇ ಪ್ರೋಗ್ರಾಂ ಅನ್ನೇ ಕೊಂದೆ. ಚಕ್ರ ನಿಲ್ಲಲಿಲ್ಲ.

ಆ ಚಿಪ್ ಕೆಲಸ ಮಾಡುವ ರೀತಿಯೇ ಹಾಗೆ. ಒಮ್ಮೆ ಹೇಳಿದ ಪಲ್ಸನ್ನು, ಅಂದರೆ ಆ ಸಿಗ್ನಲ್ಲನ್ನು, ಇನ್ನೊಂದು ಹೇಳುವವರೆಗೆ, ಅದು ತಾನಾಗಿ ಕೊಡುತ್ತಲೇ ಇರುತ್ತದೆ. ಪೈ ಹ್ಯಾಂಗ್ ಆದರೆ ಹೇಳುವವರೇ ಇಲ್ಲ. ಪೈಯಲ್ಲಿ ಹಾರ್ಡ್‌ವೇರ್ ವಾಚ್‌ಡಾಗ್ ಇದೆ. ಆದರೆ ಅದು ಎಚ್ಚೆತ್ತು ರೀಸ್ಟಾರ್ಟ್ ಮಾಡುವಷ್ಟರಲ್ಲಿ ಗಾಡಿ ಬಸಿಗಾಲುವೆಯಲ್ಲಿ ಇರುತ್ತದೆ.

ಬೋರ್ಡ್ ತೆಗೆದು ನ್ಯಾನೊ ಹಾಕಿದೆ. ಪೈ ಸೀರಿಯಲ್ ವೈರಿನಲ್ಲಿ ಆಜ್ಞೆ ಕೊಡುತ್ತದೆ, ಪಲ್ಸ್ ಹುಟ್ಟಿಸುವುದು ನ್ಯಾನೊ. ಹೊಸ ಆಜ್ಞೆ ಬರದೆ 300 ಮಿಲಿಸೆಕೆಂಡ್ ಆಯಿತು ಅಂದರೆ ನ್ಯಾನೊ ತಾನೇ 1500 ಮೈಕ್ರೊಸೆಕೆಂಡಿಗೆ, ಅಂದರೆ ನ್ಯೂಟ್ರಲ್‌ಗೆ ಬರುತ್ತದೆ. ಪೈ ಸತ್ತರೂ, ನೆಟ್ ಸತ್ತರೂ ಅದಕ್ಕೆ ಒಂದೇ. ನ್ಯಾನೊಗೆ ಕರೆಂಟ್ ಪೈಯ 5 ವೋಲ್ಟ್ ಪಿನ್ನಿನಿಂದ ಬರುತ್ತದೆ. ಪವರ್ ಬ್ಯಾಂಕ್ ಕೈಕೊಟ್ಟರೆ ನ್ಯಾನೊ ಕೂಡ ಆರಿ ಪಲ್ಸೇ ನಿಲ್ಲುತ್ತದೆ, ಆಗ ಇಎಸ್‌ಸಿ ಮೋಟರ್ ಕತ್ತರಿಸುತ್ತದೆ. ಎಲ್ಲ ಇಎಸ್‌ಸಿಯೂ ಹೀಗೇ ಮಾಡುತ್ತದೆ ಅಂತ ನಂಬಬೇಡಿ. ಚಕ್ರ ಎತ್ತಿಟ್ಟು ವೈರ್ ಕಿತ್ತು ನೋಡಿ.

300 ಹೇಗೆ ಬಂತು? 150 ಇಟ್ಟರೆ ನೆಟ್ ಸ್ವಲ್ಪ ತಡವರಿಸಿದರೂ ಗಾಡಿ ಬಿಕ್ಕಳಿಸುತ್ತಾ ಹೋಗುತ್ತದೆ. 1000 ಇಟ್ಟರೆ ಒಂದು ಮೀಟರ್‌ಗೂ ಮೀರಿ ಕುರುಡಾಗಿ ಓಡುತ್ತದೆ. 300 ಎರಡಕ್ಕೂ ನಡುವೆ.

ಪೈ ಝೀರೊ 2 ಡಬ್ಲ್ಯೂನ ಒಳ್ಳೆಯ ಸೀರಿಯಲ್ ಪೋರ್ಟನ್ನು ಬ್ಲೂಟೂತ್ ಹಿಡಿದುಕೊಂಡಿರುತ್ತದೆ. ಉಳಿದ ಪುಟಾಣಿ ಪೋರ್ಟಿನ ವೇಗ ಪ್ರೊಸೆಸರ್ ಗಡಿಯಾರದ ಜೊತೆ ಏರಿಳಿದು ಅಕ್ಷರ ಕೆಡುತ್ತದೆ. ಬ್ಲೂಟೂತ್ ಆಫ್ ಮಾಡಿ ಒಳ್ಳೆಯದನ್ನು ಬಿಡಿಸಿಕೊಳ್ಳಿ. ನ್ಯಾನೊದಿಂದ ಪೈ ಕಡೆ ಬರುವ ವೈರ್ 5 ವೋಲ್ಟಿನದು, ಪೈ ತಡೆಯುವುದು 3.3. ಅಲ್ಲಿ ಎರಡು ರೆಸಿಸ್ಟರ್ ಕಡ್ಡಾಯ.

ಇಷ್ಟಾದರೂ ಇಳಿಜಾರು ಉಳಿಯಿತು. ನ್ಯೂಟ್ರಲ್ ಅಂದರೆ ಬ್ರೇಕ್ ಅಲ್ಲವಲ್ಲ. ಮಣ್ಣಿನ ದಾರಿಯಲ್ಲಿ ನೆಟ್ ಹೋದರೆ ಗಾಡಿ ಮೋಟರ್ ಆಫ್ ಮಾಡಿಕೊಂಡು ನಿಧಾನಕ್ಕೆ ಉರುಳುತ್ತಾ ಹೋಗುತ್ತದೆ. ರಿವರ್ಸ್ ಪಲ್ಸ್ ಕೊಟ್ಟು ಬ್ರೇಕ್ ಹಿಡಿಸಲು ನೋಡಿದೆ. ಟ್ರಕ್ ಜೊತೆ ಬಂದ ಇಎಸ್‌ಸಿಯಲ್ಲಿ ಮೊದಲ ರಿವರ್ಸ್ ಪಲ್ಸ್ ಬ್ರೇಕ್, ನ್ಯೂಟ್ರಲ್ ಆಗಿ ಎರಡನೆಯದು ನಿಜವಾದ ರಿವರ್ಸ್. ನೆಟ್ ಹೋಗಿ ಬಂದು ಹೋದರೆ ಗಾಡಿ ಹಿಂದಕ್ಕೆ ಹೊರಡುತ್ತಿತ್ತು! ಆ ದಾರಿ ಬಿಟ್ಟು, ನ್ಯೂಟ್ರಲ್‌ನಲ್ಲೇ ಬ್ರೇಕ್ ಹಿಡಿಯುವ ಕ್ರಾಲರ್ ಇಎಸ್‌ಸಿ ತರಿಸಿದೆ. 1,400 ರೂಪಾಯಿ, ಈ ಇಡೀ ಕೆಲಸದಲ್ಲಿ ಅತಿ ಸಾರ್ಥಕವಾದ ಖರ್ಚು.

ಹಂತ 6: ವಿಡಿಯೊ

ಮೊದಲು ಎಂಜೆಪೆಗ್. ಒಂದೊಂದು ಚಿತ್ರವೂ ಪೂರ್ತಿ ಜೆಪೆಗ್ ಆಗಿ ಟಿಸಿಪಿಯಲ್ಲಿ ಬರುತ್ತದೆ. 640 ಬೈ 480 ಅಳತೆಗೇ ನಾಲ್ಕು ಎಂಬಿಪಿಎಸ್ ಅಪ್‌ಲೋಡ್ ಬೇಕಾಯಿತು. ಅಂಗಳದಲ್ಲಿ ಅಷ್ಟು ಸಿಗುತ್ತದೆ, ತೋಟದಲ್ಲಿ ಇಲ್ಲ. ಸಿಗದಾಗ ಚಿತ್ರಗಳು ಹಿಂದೆ ಸಾಲುಗಟ್ಟುತ್ತವೆ. ಎಳೆತ ನಾಲ್ಕು ಸೆಕೆಂಡ್ ಮುಟ್ಟಿದ್ದೂ ಇದೆ. ಮೋಸ ಏನೆಂದರೆ ಚಿತ್ರ ನಯವಾಗೇ ಓಡುತ್ತಿರುತ್ತದೆ. ಎಲ್ಲ ಸರಿ ಇದೆ ಅನ್ನಿಸುತ್ತದೆ, ಗಾಡಿ ಮಾತ್ರ ಬೇರೆಲ್ಲೋ ಇರುತ್ತದೆ.

ಈಗ ಎಚ್.264, 700 ಕೆಬಿಪಿಎಸ್, ಸೆಕೆಂಡಿಗೆ 25 ಚಿತ್ರ, ಯುಡಿಪಿ ಮೇಲೆ ಜಿಸ್ಟ್ರೀಮರ್ ಅನ್ನುವ ವಿಡಿಯೊ ತಂತ್ರಾಂಶ. ಪ್ರತಿ 15 ಚಿತ್ರಕ್ಕೊಂದು ಪೂರ್ತಿ ಚಿತ್ರ ಕಳಿಸಲು ಹೇಳಿದ್ದೇನೆ, ಉಳಿದವುಗಳಲ್ಲಿ ಬದಲಾದ ಭಾಗ ಮಾತ್ರ ಬರುತ್ತದೆ. ಪ್ಯಾಕೆಟ್ ಕಳೆದರೆ ಪರದೆ ಬೂದಿ ಬಣ್ಣಕ್ಕೆ ತಿರುಗಿ ಕಲಸಿಹೋಗುತ್ತದೆ, ಅರ್ಧ ಸೆಕೆಂಡ್ ಚಿಲ್ಲರೆಯಲ್ಲಿ ಸರಿಯಾಗುತ್ತದೆ. ಹೀಗೆ ಕಲಸಿದ ಚಿತ್ರವೇ ವಾಸಿ. ಏನೋ ಸರಿ ಇಲ್ಲ ಅಂತ ಅದು ಹೇಳುತ್ತದೆ, ಹಳೆಯ ಸ್ಪಷ್ಟ ಚಿತ್ರ ಹೇಳುವುದಿಲ್ಲ.

ಲ್ಯಾಪ್‌ಟಾಪ್ ಕಡೆ ಜಿಸ್ಟ್ರೀಮರ್‌ನ ಜಿಟರ್ ಬಫರ್ (ಏರುಪೇರಾಗಿ ಬರುವ ಪ್ಯಾಕೆಟ್ ಸಮ ಮಾಡುವ ಭಾಗ), ನಾವು ಸುಮ್ಮನಿದ್ದರೆ, 200 ಮಿಲಿಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು 60ಕ್ಕೆ ಇಳಿಸಿದೆ.

ಎಳೆತ ಅಳೆಯುವುದು ಸುಲಭ. ಊರಿಗೆ ಹೋದಾಗ ಅಂಗಳದಲ್ಲಿ ಗಾಡಿಯ ಕ್ಯಾಮೆರಾ ಮುಂದೆ ಒಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿದೆ. ಬೇರೆ ಸಿಮ್‌ನ ಹಾಟ್‌ಸ್ಪಾಟ್ ಮೇಲಿದ್ದ ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು, ಇನ್ನೊಂದು ಫೋನಿನಲ್ಲಿ ಎರಡೂ ಸೇರಿ ಫೋಟೊ ತೆಗೆದೆ. ಫೋನಿನ ಸ್ಟಾಪ್‌ವಾಚ್‌ಗೂ ಲ್ಯಾಪ್‌ಟಾಪ್ ಪರದೆಯಲ್ಲಿ ಕಾಣುವ ಅದರ ವಿಡಿಯೊಗೂ ಇರುವ ವ್ಯತ್ಯಾಸವೇ ಎಳೆತ. ಮನೆ ವೈಫೈನಲ್ಲಿ 140ರ ಆಸುಪಾಸು, 4ಜಿಯಲ್ಲಿ 250ರಿಂದ 320.

ಡೇಟಾ ಲೆಕ್ಕ: 700 ಕೆಬಿಪಿಎಸ್ ಅಂದರೆ ಗಂಟೆಗೆ 315 ಎಂಬಿ, ಪ್ಯಾಕೆಟ್ಟುಗಳ ಹೆಚ್ಚುವರಿ ಡೇಟಾ ಸೇರಿ 340 ಹಿಡಿಯಿರಿ. ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ನಾಲ್ಕು ಗಂಟೆ ಧಾರಾಳ. ಆದರೆ ಯಾರೂ ನೋಡದಿದ್ದರೂ ಪೈ ವಿಡಿಯೊ ಕಳಿಸುತ್ತಲೇ ಇದ್ದರೆ ಮಧ್ಯಾಹ್ನಕ್ಕೇ ಪ್ಯಾಕ್ ಖಾಲಿ. ಲ್ಯಾಪ್‌ಟಾಪಿನಿಂದ ಹತ್ತು ಸೆಕೆಂಡ್ ಸದ್ದಿಲ್ಲದಿದ್ದರೆ ಕ್ಯಾಮೆರಾ ಬಂದ್ ಆಗುವ ಹಾಗೆ ಮಾಡಿದೆ.

ಹಂತ 7: ವೇಗ

ಟ್ರಕ್ ಜೊತೆ ಬಂದ ಮೋಟರ್ ಗಂಟೆಗೆ 25 ಕಿ.ಮೀ. ಆರಾಮಾಗಿ ಓಡುವಂಥದ್ದು. ಅಷ್ಟು ವೇಗದಲ್ಲಿ 300 ಮಿಲಿಸೆಕೆಂಡಿಗೆ ಎರಡು ಮೀಟರ್ ದಾಟುತ್ತದೆ. ನಾನು ಪರದೆಯಲ್ಲಿ ಕಲ್ಲು ನೋಡುವಷ್ಟರಲ್ಲಿ ಗಾಡಿ ಕಲ್ಲಿನ ಮೇಲಿರುತ್ತದೆ. ಆಕ್ಸಿಲರೇಟರ್ ಮಿತಿ ಇಳಿಸಿದರೆ ಅದೇ ಮೋಟರ್ ನಿಧಾನದಲ್ಲಿ ಜಗ್ಗಿ ಜಗ್ಗಿ ಓಡುತ್ತಿತ್ತು. 55 ಸುತ್ತಿನ ಮೋಟರ್ ಹಾಕಿದ ಮೇಲೆ ಎತ್ತು ನಡೆದ ಹಾಗೆ ನಡೆಯುತ್ತದೆ. ಈಗ ಮಿತಿ ಸೆಕೆಂಡಿಗೆ ಒಂದು ಮೀಟರ್. ಸಮತಟ್ಟು ಅಂಗಳದಲ್ಲಿ ಓಡುತ್ತಿರುವಾಗ ನೆಟ್ ಕಡಿದರೆ 45 ಸೆಂಟಿಮೀಟರ್ ಒಳಗೆ ನಿಲ್ಲುತ್ತದೆ, ಟೇಪ್ ಹಿಡಿದು ನೋಡಿದ್ದೇನೆ. ಆಜ್ಞೆ ಹೋಗಿ ಬರುವ ಹೊತ್ತು 400 ಮಿಲಿಸೆಕೆಂಡ್ ದಾಟಿದರೆ ವೇಗದ ಮಿತಿ ತಾನಾಗಿ ಅರ್ಧವಾಗುತ್ತದೆ.

ನಿಧಾನ ಅನ್ನಿಸಿದಾಗಲೆಲ್ಲ ಪ್ರಜ್ಞಾನ್ ನೆನಪಿಸಿಕೊಳ್ಳುತ್ತೇನೆ. ಬೆಂಗಳೂರಿನಿಂದಲೇ ಆಜ್ಞೆ ಹೋಗುತ್ತಿದ್ದ ಆ ಚಂದ್ರನ ಗಾಡಿಯ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. 2023ರ ಆಗಸ್ಟ್ 27ರಂದು 4 ಮೀಟರ್ ಅಗಲದ ಕುಳಿ ಎದುರಾದಾಗ, ಇನ್ನೂ 3 ಮೀಟರ್ ದೂರ ಇರುವಾಗಲೇ ಅದನ್ನು ಹಿಂದಿರುಗಿಸಿದರು. ನಮ್ಮ ಬಸಿಗಾಲುವೆಗೆ ನಾನು ಅಷ್ಟು ಮರ್ಯಾದೆ ಇನ್ನೂ ಕೊಟ್ಟಿಲ್ಲ.

ಹಂತ 8: ತೋಟದ ಸಿಗ್ನಲ್, ಈಗ ನಿಂತಿರುವ ಜಾಗ

ಅಂಗಳದಲ್ಲಿ ಡಾಂಗಲ್ ತೋರಿಸುವ ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲದ ಅಳತೆ, ಮೈನಸ್ ಜಾಸ್ತಿಯಾದಷ್ಟೂ ಸಿಗ್ನಲ್ ಕಡಿಮೆ) ಮೈನಸ್ 95. ಮಣ್ಣು ದಾರಿ ಮುಗಿದು ಅಡಿಕೆ ಮರಗಳ ಕೆಳಗೆ ಇಳಿದರೆ ಮೈನಸ್ 112, ಪಂಪ್‌ಹೌಸ್ ಹತ್ತಿರ ಇನ್ನೂ ಕೆಳಗೆ. ಅಲ್ಲಿ ಡೌನ್‌ಲೋಡ್ ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಗಾಡಿಗೆ ಬೇಕಾದದ್ದು ಅಪ್‌ಲೋಡ್, ಅದು ಅರ್ಧ ಎಂಬಿಪಿಎಸ್ಸಿಗೆ ಬೀಳುತ್ತದೆ.

ಡಾಂಗಲ್ಲನ್ನು ಮೋಟರ್ ಪಕ್ಕದಿಂದ ಎತ್ತಿ, ಯುಎಸ್‌ಬಿ ವೈರ್ ಉದ್ದ ಮಾಡಿ, 30 ಸೆಂಟಿಮೀಟರ್ ಪಿವಿಸಿ ಪೈಪಿನ ತುದಿಗೆ ಕಟ್ಟಿದೆ. ಇದರಿಂದ ಕಣ್ಣಿಗೆ ಕಾಣುವಷ್ಟು ಫರಕು ಬಂತು. 2300 ಮೆಗಾಹರ್ಟ್ಸ್ ಬಿಟ್ಟು 850ಕ್ಕೆ ಲಾಕ್ ಮಾಡಿದೆ. ಗರಿಷ್ಠ ವೇಗ ಇಳಿಯಿತು, ಕಡಿತ ಕಡಿಮೆಯಾಯಿತು, ನನಗೆ ಬೇಕಾದದ್ದೂ ಅದೇ. ವಿಡಿಯೊ 350 ಕೆಬಿಪಿಎಸ್ಸಿಗೆ ಇಳಿಸಿದರೆ ಇನ್ನೊಂದಿಷ್ಟು ದೂರ ಹೋಗಬಹುದು. ಆದರೆ ಆ ಗುಣಮಟ್ಟದಲ್ಲಿ ಒಣ ಸೋಗೆ ಯಾವುದು, ನೆಲ ಯಾವುದು ಗೊತ್ತಾಗುವುದಿಲ್ಲ. ಸೋಗೆ ಮುಂದಿನ ಆಕ್ಸಲ್‌ಗೆ ಸುತ್ತಿಕೊಂಡರೆ ಬಿಡಿಸಲು ಚಿಕ್ಕಪ್ಪನೇ ಹೋಗಬೇಕು. ಅವರು ಹೋಗುವುದಾದರೆ ಪಂಪನ್ನೂ ನೋಡಿಕೊಂಡೇ ಬರುತ್ತಾರೆ.

ಹಾಗಾಗಿ ಕೊನೆಯ 20 ಮೀಟರ್‌ಗೆ ಬೇರೆ ದಾರಿ. ಪಂಪ್‌ಹೌಸಿನಲ್ಲಿ ಕರೆಂಟ್ ಇದೆ. ಅದರ ಸೂರಿನ ಮೇಲೆ, ಸಿಗ್ನಲ್ ಸಿಗುವ ಎತ್ತರದಲ್ಲಿ, ಒಂದು 4ಜಿ ರೌಟರ್ ಕೂರಿಸಿ, ತೋಟದೊಳಗೆ ಗಾಡಿ ವೈಫೈ ಹಿಡಿಯುವ ಹಾಗೆ ಮಾಡಬೇಕು. ಡಾಂಗಲ್ಲಿನಿಂದ ವೈಫೈಗೆ ದಾಟುವಾಗ ವೈರ್‌ಗಾರ್ಡ್ ಕಡಿಯುವುದಿಲ್ಲ. ಪೈಯ ಐಪಿ ಬದಲಾದರೂ ಸರ್ವರ್ ಹೊಸ ವಿಳಾಸ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಎರಡು ಹಾಟ್‌ಸ್ಪಾಟ್ ಇಟ್ಟು ನೋಡಿದಾಗ ದಾಟಲು ಒಂದೆರಡು ಸೆಕೆಂಡ್ ಹಿಡಿಯಿತು, ಅಷ್ಟು ಹೊತ್ತು ಗಾಡಿ ನಿಂತಿತ್ತು, ಆಮೇಲೆ ಹೊರಟಿತು. ರೌಟರ್ ಆರ್ಡರ್ ಮಾಡಿದ್ದೇನೆ. ಸೂರಿಗೆ ಏಣಿ ಹಾಕಲು ಚಿಕ್ಕಪ್ಪ ಭಾನುವಾರ ಬಿಡುವು ಅಂದಿದ್ದಾರೆ.